ಅಟ್ಟದ ಬೂಷ್ಟು

ಮಳೆಗಾಲ ಕಳೆದ ಮೇಲೆ ಹಳೆಯ ಮನೆಯ ಅಟ್ಟವನ್ನು ಹತ್ತಿ ನೋಡಿದರೆ, ಚರ್ಮದ ಪೆಟ್ಟಿಗೆಯ ಮೇಲೆ ಹಸುರು ಹುಡಿ, ತೊಲೆಯ ಮೇಲೆ ಕರಿಯ ಚುಕ್ಕೆ, ಪುಸ್ತಕದ ರಟ್ಟಿನ ಮೇಲೆ ಬಿಳಿಯ ನವಿರು ಕಾಣುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಇದೇ ಬೂಷ್ಟು. ಇಷ್ಟು ಕ್ಷುದ್ರವಾದ ವಸ್ತುವಿಗೂ ಒಂದು ಚರಿತ್ರೆ ಉಂಟೆ ಎಂದು ಶ್ರೋತೃಗಳು ಕೇಳಬಹುದು. ಉಂಟು, ಆ ಚರಿತ್ರೆಯನ್ನು ಮರೆತುದರಿಂದ ನಮಗೆ ಆಗುತ್ತಿರತಕ್ಕ ನಷ್ಟವೂ ಸಾಮಾನ್ಯವಾದುದಲ್ಲ.

ಯೆಹೂದ್ಯರ ಧರ್ಮಗ್ರಂಥದಲ್ಲಿ, ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ, ಗೋಡೆಗೆ ಹತ್ತಿದ ಹಸುರು ಕೆಂಪು ಕಲೆಗಳ ವಿಚಾರ ಬರುತ್ತದೆ. ಅದನ್ನು ಮನೆಗೆ ಬಂದ ಕುಷ್ಠವೆಂದು ಅಲ್ಲಿ ಎಣಿಸಿದ್ದಾರೆ. ಅದು ಬೂಷ್ಟೇ ಇರಬೇಕೆಂಬುದು ಅನೇಕ ವಿದ್ವಾಂಸರ ಮತ. ಯಾಜಕನು ಬಂದು ನೋಡಿ ಮನೆಯನ್ನು ಏಳು ದಿನ ಮುಚ್ಚಿಸಬೇಕು. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕೀಳಿಸಿ, ಗಾರೆಯನ್ನು ಕೆರೆಸಿ, ಊರ ಹೊರಗೆ ಹಾಕಿಸಬೇಕು. ಮತ್ತೆ ಕಾಣಿಸಿಕೊಂಡರೆ ಮನೆಯನ್ನೇ ಕೆಡವಿಸಬೇಕು. ಮೇಲಿನ ಕಲೆಯನ್ನು ಒರಸಿದ ಮಾತ್ರಕ್ಕೆ ರೋಗ ಹೋಗದೆಂಬ ಅನುಭವ ಈ ವಿಧಿಯೊಳಗೆ ಅಡಗಿದೆ.

ಬೂಷ್ಟಿನ ನಿಜಸ್ವರೂಪ ತಿಳಿಯಲು ಬಹುಕಾಲ ಹಿಡಿಯಿತು. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಕುರಿಚರ್ಮದ ರಟ್ಟಿನ ಚಿಕ್ಕ ಪುಸ್ತಕವೊಂದರ ಮೇಲೆ ಬೆಳೆದ ಬೂಷ್ಟನ್ನು ಸೂಕ್ಷ್ಮದರ್ಶಕದಿಂದ ನೋಡಿ, ಅದರ ಚಿತ್ರವನ್ನು 1665ರಲ್ಲಿ ಪ್ರಕಟಿಸಿದನು. ಅದು ಅಣಬೆಯ ಬಂಧುವೆಂದು ಅವನಿಗೆ ಹೊಳೆಯಿತು. ಇಟಲಿಯ ಮಿಕೇಲಿ ಎಂಬ ಸಸ್ಯಶಾಸ್ತ್ರಜ್ಞನು ಬೂಷ್ಟಿನ ಹುಡಿಯನ್ನು ಕರ್ಬೂಜದ ಹೋಳುಗಳ ಮೇಲೆ ಬಿತ್ತಿ, ಅಲ್ಲಿ ಅದೇ ಜಾತಿಯ ಬೂಷ್ಟು ಬೆಳೆಯುವುದನ್ನು ಕಂಡು, 1729ರಲ್ಲಿ ಲೋಕಕ್ಕೆ ತಿಳಿಸಿದನು. ಆ ಹುಡಿಯೇ ಬೀಜಕಣ. ಅದು ಗಾಳಿಯಲ್ಲಿ ಎಲ್ಲೆಲ್ಲಿಯೂ ಇದೆ. ಅದನ್ನು ಮನೆಯೊಳಕ್ಕೆ ಬಾರದಂತೆ ತಡೆಯುವುದು ಯಾರಿಂದಲೂ ಆಗದು. ಆದರೆ ತೇವವಿಲ್ಲದೆ ಅದು ಮೊಳೆಯಲಾರದು. ಆದುದರಿಂದ ಬೂಷ್ಟಿನೊಡನೆ ಯುದ್ಧವೆಂದರೆ ನೀರಿನೊಡನೆ ಯುದ್ಧವೆಂದೇ ಅರ್ಥ.

ಈ ತತ್ತ್ವವನ್ನು ಓದಿ ತಿಳಿಯದ ನಮ್ಮ ಮಲೆನಾಡಿನ ಹಿರಿಯರು ಅದನ್ನು ಆಚರಣೆಯಲ್ಲಿ ಬಲ್ಲವರಾಗಿದ್ದರು. ಅಡುಗೆಮನೆಯ ಒಲೆಯ ಮೇಲೆಯೇ ಅಟ್ಟ; ಅಲ್ಲಿ ಅಡಕೆ, ಮೆಣಸು, ಬಿತ್ತನೆಯ ಬೀಜ. ಒಲೆಯ ಕಾವು ತೇವವನ್ನು ಆರಿಸುತ್ತಿತ್ತು. ಹೊಗೆಯಲ್ಲಿರುವ ಕೆಲವು ದ್ರವ್ಯಗಳು ಬೂಷ್ಟಿನ ಬೆಳೆವಣಿಗೆಯನ್ನು ತಡೆಯುತ್ತಿದ್ದುವು. ಹೆಂಚಿನ ಸಂದುಗಳಲ್ಲಿ ಗಾಳಿಯಾಡುತ್ತಿತ್ತು. ಆ ಹೊಗೆ ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಮಾಡಿದ ಕೇಡು ಅಷ್ಟಿಷ್ಟಲ್ಲ. ಅದು ತೊಲಗಿದುದು ಒಳ್ಳೆಯದೇ ಆಯಿತು. ಆದರೆ ಒಲೆಯನ್ನು ತೆಗೆದು, ಸಂದುಗಳನ್ನು ಮುಚ್ಚಿದ ನಾವು, ಅವು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಿಗೂ ವಹಿಸಲಿಲ್ಲ. ಅಟ್ಟ ಮಾತ್ರ ಹಾಗೆಯೇ ಉಳಿಯಿತು. ಅದರ ಕಾವಲು ಹೋಯಿತು.

ಆ ಅಟ್ಟದಲ್ಲಿ ಅಡಕೆಯೊಡನೆ ತಾಳೆಯೋಲೆಯ ಕಟ್ಟುಗಳೂ ಇರುತ್ತಿದ್ದುವೆಂಬುದನ್ನು ನೆನೆದರೆ ನಷ್ಟದ ಪ್ರಮಾಣ ಗೊತ್ತಾಗುತ್ತದೆ. ಮನೆಯ ಪೆಟ್ಟಿಗೆಗೂ ಮಠ ಬಸದಿಗಳ ಭಂಡಾರಕ್ಕೂ ಶತ್ರು ಒಂದೇ. ಅಷ್ಟು ಮಳೆ ಸುರಿಯುವ ತುಳುನಾಡಿನ ಮೂಡಬಿದರೆಯಲ್ಲಿ, ಜೈನರ ಷಟ್ಖಂಡಾಗಮವೂ ಅದರ ಧವಳಾ ವ್ಯಾಖ್ಯಾನವೂ ಹಳಗನ್ನಡ ಲಿಪಿಯ ಓಲೆಗಳಲ್ಲಿ ಶತಮಾನಗಳ ಕಾಲ ಉಳಿದು, 1939ರಿಂದ ಅಚ್ಚಿನಲ್ಲಿ ಹೊರಬಂದುವು. ಓಲೆಗಳು ಉಳಿಯಬೇಕಾದರೆ ಅವುಗಳನ್ನು ಕಾಲಕಾಲಕ್ಕೆ ಬಿಚ್ಚಿ ನೋಡುವವರಿರಬೇಕು. ಜ್ಯೇಷ್ಠ ಶುದ್ಧ ಪಂಚಮಿಯ ದಿನ, ಎಂದರೆ ಮುಂಗಾರಿನ ಹೊಸ್ತಿಲಲ್ಲಿ, ದಿಗಂಬರ ಜೈನರು ಶ್ರುತಪಂಚಮಿಯನ್ನು ಆಚರಿಸಿ ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಶುಚಿಮಾಡಿ, ಪೂಜಿಸುತ್ತಾರೆ. ಮಳೆ ಹಿಂದೆಗೆಯುವ ಆಶ್ವಯುಜದಲ್ಲಿ, ನವರಾತ್ರಿಯ ಸರಸ್ವತೀಪೂಜೆಗೆಂದು ಮನೆಮನೆಗಳಲ್ಲಿ ಪುಸ್ತಕಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಇವುಗಳ ಮೂಲ ಭಕ್ತಿಯೇ ಇರಲಿ; ಫಲ ಮಾತ್ರ ಗ್ರಂಥರಕ್ಷಣೆ. ಮಳೆಗಾಲದ ಎರಡು ಕೊನೆಗಳಲ್ಲಿ ಎರಡು ಹಬ್ಬಗಳು ಎರಡು ಕಾವಲುಗಾರರಂತೆ ನಿಂತಿವೆ.

ಇಂದಿನ ಗೃಹಸ್ಥನು ಮಾಡತಕ್ಕುದೂ ಇದೇ. ಮೊದಲು ನೀರು ಎಲ್ಲಿಂದ ಬರುತ್ತದೆಂದು ಹುಡುಕಬೇಕು: ಒಡೆದ ಹೆಂಚೆ, ಗೋಡೆಯ ಬಿರುಕೆ, ಅಡುಗೆಮನೆಯ ಹಬೆಯೆ? ಅದನ್ನು ನಿಲ್ಲಿಸದೆ ಸುಣ್ಣ ಬಳಿದರೆ ಕಲೆ ಮರುವರ್ಷವೇ ಮರಳುತ್ತದೆ. ಒಣಬೂಷ್ಟನ್ನು ಪೊರಕೆಯಿಂದ ಗುಡಿಸಬಾರದು; ಬೀಜಕಣಗಳು ಮನೆಯನ್ನೆಲ್ಲ ವ್ಯಾಪಿಸಿ, ಉಬ್ಬಸದವರಿಗೆ ವಿಪತ್ತಾಗುತ್ತದೆ. ಮೂಗು ಬಾಯಿಗಳನ್ನು ಮುಚ್ಚಿಕೊಂಡು, ಮರವನ್ನು ಸಾಬೂನಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರಸಿ ಚೆನ್ನಾಗಿ ಆರಿಸಬೇಕು. ಪೆಟ್ಟಿಗೆಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲಿಟ್ಟು, ಒಣಹವೆಯ ದಿನಗಳಲ್ಲಿ ಅಟ್ಟದ ಕಿಟಕಿಗಳನ್ನು ತೆರೆಯಬೇಕು. ಓಲೆಗಳು ದೊರೆತರೆ ತೊಳೆಯಲೂ ಬಾರದು, ಬಿಸಿಲಿಗೆ ಹರಡಲೂ ಬಾರದು. ನೆರಳಿನಲ್ಲಿ ಗಾಳಿಗಿಟ್ಟು, ಹಸ್ತಪ್ರತಿಗಳನ್ನು ಬಲ್ಲವರ ಕೈಗೆ ಒಪ್ಪಿಸಬೇಕು.

ರಾಜ್ಯಗಳ ಏಳುಬೀಳುಗಳನ್ನು ಕುರಿತು ನಾವು ಬಹಳ ಓದಿದ್ದೇವೆ. ಆ ಏಳುಬೀಳುಗಳನ್ನು ಬರೆದಿಟ್ಟ ಗರಿಗಳ ಗತಿ ಮಾತ್ರ ಅನೇಕ ವೇಳೆ ಒಂದು ಒಡೆದ ಹೆಂಚಿನಿಂದ ನಿರ್ಣಯವಾಗುತ್ತದೆ. ಮುಂದಿನ ಮಳೆಗೆ ಮೊದಲು ಒಂದು ಸಲ ಅಟ್ಟವನ್ನು ಹತ್ತಿ ನೋಡಿರೆಂದು ಹೇಳಿ ಈ ಭಾಷಣವನ್ನು ಮುಗಿಸುತ್ತೇನೆ.