ರೀಲ್ಸ್ ನೋಡಿದರೆ ಇಂಗ್ಲಿಷ್ ಬರಲ್ಲ, ಮಾಡಿದರೆ ಬರುತ್ತೆ

ಮಾಲೂರು ತಾಲೂಕಿನ ಲಕ್ಕೂರಿನಂಥ ಗಡಿ ಭಾಗದ ಊರುಗಳಲ್ಲಿ ಕನ್ನಡ, ತೆಲುಗು, ತಮಿಳು ಯಾವ ಟ್ಯೂಷನ್ನೂ ಇಲ್ಲದೆ ನಾಲಿಗೆಗೆ ಹತ್ತುತ್ತವೆ. ಅದೇ ಹುಡುಗ ಹುಡುಗಿಯರು ನರಸಾಪುರದಲ್ಲೋ ಬೆಂಗಳೂರಿನಲ್ಲೋ ಇಂಟರ್‌ವ್ಯೂಗೆ ಕೂತಾಗ "ನಿಮ್ಮ ಬಗ್ಗೆ ಹೇಳಿ" ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಕಟ್ಟುತ್ತೆ. ಇದು ದಡ್ಡತನ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಅಂಕ ಎಲ್ಲಿದೆಯೋ ಪಾಠವೂ ಅಲ್ಲೇ.

ಮಾತು ಕಲಿಸುವ ಆ ಖಾಲಿ ಜಾಗಕ್ಕೆ ಈಗ ಫೋನ್ ಬಂದು ಕೂತಿದೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯ್ತು, ಕೆಲವೇ ತಿಂಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್ ಎರಡೂ ಭಾರತಕ್ಕೆ ಬಂದವು. ಇಂಗ್ಲಿಷ್ ಕಲಿಸುವ ವಿಡಿಯೋಗಳಿಗೇನೂ ಬರವಿಲ್ಲ. ಆದರೆ ನೋಡುವುದೇ ಕಲಿಕೆ ಅನ್ನೋದು ಭ್ರಮೆ. ಕೆನಡಾದ ಭಾಷಾತಜ್ಞೆ ಮೆರಿಲ್ ಸ್ವೇನ್ ಇದನ್ನು 1985ರಲ್ಲೇ ಗುರುತಿಸಿದ್ದರು: ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಗುತ್ತಿತ್ತು, ಮಾತಾಡುವಾಗ ಮಾತ್ರ ಹಿಂದೆ ಬೀಳುತ್ತಿದ್ದರು. ಕೇಳಿದ್ದು ತಾನಾಗಿ ಮಾತಾಗಲ್ಲ.

ಹಾಗಾಗಿ ನಾನು ಕೇಳಿದವರಿಗೆಲ್ಲ ಹೇಳುವ ದಾರಿ ಇದು. ಮೂವತ್ತು ಸೆಕೆಂಡಿನ ಒಂದು ತುಣುಕು ಆರಿಸಿಕೊಳ್ಳಿ. ಅಮೆರಿಕದವರದ್ದೇ ಆಗಬೇಕಿಲ್ಲ, ಭಾರತದವರೇ ಮಾತಾಡಿದ ಅಡುಗೆ, ಕ್ರಿಕೆಟ್, ಸಂಸತ್ತಿನ ಭಾಷಣ ಯಾವುದಾದರೂ ಸರಿ. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ, ಅವರ ಹಿಂದೆಯೇ ನೀವೂ ಹೇಳುತ್ತಾ ಹೋಗಿ. ಆಮೇಲೆ ವಿಡಿಯೋ ಮುಚ್ಚಿ, ಅದೇ ವಿಷಯವನ್ನು ನಿಮ್ಮ ಮಾತಲ್ಲಿ ಹೇಳಿ ರೆಕಾರ್ಡ್ ಮಾಡಿ. ಮುಖ್ಯ ಕೆಲಸ ಇರೋದು ಇಲ್ಲೇ. ಪಾಲ್ ನೇಷನ್ ಬರೆದಿರುವ '4/3/2' ಅಭ್ಯಾಸದಲ್ಲಿ ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ, ಮತ್ತೆ ಮೂರು, ಮತ್ತೆ ಎರಡು ನಿಮಿಷದಲ್ಲಿ ಹೇಳಬೇಕು. ರೀಲ್ಸಿಗೆ ಇದನ್ನು 90, 60, 30 ಸೆಕೆಂಡಿಗೆ ಇಳಿಸಿಕೊಳ್ಳಬಹುದು. ಮೂರನೇ ಸಲಕ್ಕೆ ತಡವರಿಕೆ ಕಡಿಮೆಯಾಗೋದು ನಿಮ್ಮ ಕಿವಿಗೇ ಗೊತ್ತಾಗುತ್ತೆ.

ರೆಕಾರ್ಡ್ ಕೇಳುವಾಗ 'ಇಸ್ಕೂಲ್' ಅಂದೆವಾ, 'ಹೇರ್' ಹೋಗಿ 'ಏರ್' ಆಯ್ತಾ ಅಂತ ಗಮನಿಸಿ. ನಮ್ಮ ಕಡೆ ಹಕಾರ ಜಾರುವುದು ಹೊಸದೇನಲ್ಲ. ಕೇಳಿದವರಿಗೆ ಅರ್ಥ ಕೆಡುವ ಕಡೆ ಮಾತ್ರ ತಿದ್ದಿಕೊಂಡರೆ ಸಾಕು. ಕಾನ್ವೆಂಟ್ ಉಚ್ಚಾರಣೆಯೇ ಸರಿ ಅನ್ನೋದು ವರ್ಗದ ಮಾತು, ವ್ಯಾಕರಣದ್ದಲ್ಲ.

ಪೋಸ್ಟ್ ಮಾಡಲೇಬೇಕಾ? ಬೇಡ. ಹೆಣ್ಣುಮಕ್ಕಳ ವಿಡಿಯೋ ಕೆಳಗೆ ಎಂಥ ಕಾಮೆಂಟ್ ಬರುತ್ತವೆ ಅಂತ ಎಲ್ಲರಿಗೂ ಗೊತ್ತು. ಗ್ಯಾಲರಿಯಲ್ಲೇ ಇರಲಿ, ಇಲ್ಲವೇ ನಾಲ್ಕು ಜನ ಗೆಳೆಯರ ವಾಟ್ಸಾಪ್ ಗುಂಪಿಗೆ ಹೋಗಲಿ. ಇನ್ನು ಮನೆಗೊಂದೇ ಫೋನ್, ಅದೂ ಅಪ್ಪನ ಜೇಬಲ್ಲಿ ಅನ್ನೋ ಮಕ್ಕಳಿಗೆ ಈ ಸಲಹೆಯೆಲ್ಲ ಗಾಳಿಮಾತು. ಅವರ ಮಟ್ಟಿಗೆ ಶಾಲೆಯೇ ಕೆಲಸ ಮಾಡಬೇಕು: ಆ 20 ಆಂತರಿಕ ಅಂಕಗಳಲ್ಲಿ ಐದನ್ನು, ಮೇಷ್ಟ್ರ ಫೋನಿನಲ್ಲೇ ರೆಕಾರ್ಡ್ ಮಾಡಿದ ಎರಡು ನಿಮಿಷದ ಮಾತಿಗೆ ಮೀಸಲಿಡಲಿ. ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ ಇದು.