ಕಟ್ಟಿದ ಮನೆ, ಕೆಟ್ಟ ನಲ್ಲಿ: ಆಸ್ಟ್ರೇಲಿಯದ ಮೂಲನಿವಾಸಿ ನೆಲೆಗಳ ಒಂದು ಚರಿತ್ರೆ

ಆಸ್ಟ್ರೇಲಿಯ ಖಂಡದ ನಡುನಾಡಿನಲ್ಲಿಯೂ ಉತ್ತರ ಭಾಗದಲ್ಲಿಯೂ ಪಟ್ಟಣಗಳಿಂದ ಬಹುದೂರ ಮೂಲನಿವಾಸಿಗಳ ಸಣ್ಣ ನೆಲೆಗಳು ಚದರಿಕೊಂಡಿವೆ. ಕೆಲವಲ್ಲಿ ಸಾವಿರ ಜನರಿದ್ದರೆ ಕೆಲವಲ್ಲಿ ಒಂದೆರಡು ಕುಟುಂಬಗಳು ಮಾತ್ರ. ಇವುಗಳಿಗೆ ನೀರು, ವಿದ್ಯುತ್ತು, ವಾಸಯೋಗ್ಯವಾದ ಮನೆ ಇವನ್ನು ಒದಗಿಸಲು ನಡೆದ ಪ್ರಯತ್ನಗಳ ಚರಿತ್ರೆಯನ್ನು ಓದುವಾಗ, ಜಮಾಖರ್ಚಿನ ಪುಸ್ತಕಗಳ ನಡುವೆ ದಿನ ಕಳೆಯುವ ನನ್ನಂಥವನ ಕಣ್ಣಿಗೆ ಒಂದು ಸಂಗತಿ ಮೊದಲು ಬೀಳುತ್ತದೆ: ಕಟ್ಟುವುದಕ್ಕೆ ಹಣ ದೊರೆತಷ್ಟು ಸುಲಭವಾಗಿ ಕಟ್ಟಿದ್ದನ್ನು ಕಾಪಾಡುವುದಕ್ಕೆ ದೊರೆಯಲಿಲ್ಲ.

ಈ ನೆಲೆಗಳಲ್ಲಿ ಅನೇಕವು ಕ್ರೈಸ್ತ ಮಿಷನ್ನುಗಳ, ಸರಕಾರಿ ವಸತಿಗಳ ಅಥವಾ ದನಗಾಹಿ ಜಮೀನುಗಳ ಆಶ್ರಯದಲ್ಲಿ ಬೆಳೆದವು. 1966ರಲ್ಲಿ ವೇವ್ ಹಿಲ್ ಎಂಬಲ್ಲಿ ವಿನ್ಸೆಂಟ್ ಲಿಂಗಿಯಾರಿಯ ನಾಯಕತ್ವದಲ್ಲಿ ಗುರಿಂಜಿ ಜನರು ಒಡೆಯರ ಜಮೀನನ್ನು ತೊರೆದು ನಡೆದರು. ಕೂಲಿಗಾಗಿ ಆರಂಭವಾದ ಆ ಹೋರಾಟ ನೆಲದ ಹಕ್ಕಿನ ಹೋರಾಟವಾಯಿತು. 1967ರ ಜನಮತಗಣನೆಯಲ್ಲಿ ನೂರಕ್ಕೆ 90ಕ್ಕೂ ಮಿಕ್ಕ ಮತದಾರರ ಒಪ್ಪಿಗೆಯಿಂದ, ರಾಜ್ಯಗಳಲ್ಲಿಯ ಮೂಲನಿವಾಸಿಗಳ ಬಗ್ಗೆ ಶಾಸನ ಮಾಡುವ ಅಧಿಕಾರ ಕೇಂದ್ರ ಸರಕಾರಕ್ಕೂ ಪ್ರಾಪ್ತವಾಯಿತು. 1970ರ ದಶಕದಲ್ಲಿ ಅನೇಕ ಕುಟುಂಬಗಳು ಕಿಕ್ಕಿರಿದ ವಸತಿಗಳನ್ನು ಬಿಟ್ಟು ಪೂರ್ವಿಕರ ನೆಲಕ್ಕೆ ಹಿಂದಿರುಗಿದವು. ಉತ್ತರ ಪ್ರಾಂತದಲ್ಲಿ 1976ರ ಕಾಯಿದೆ ಆ ನೆಲದ ಮೇಲಿನ ಹಕ್ಕನ್ನು ಮಾನ್ಯ ಮಾಡಿತು. ನೆಲವೇನೋ ದೊರೆಯಿತು, ಆದರೆ ಅಲ್ಲಿಯ ಕೊಳವೆ ಬಾವಿಯ ಪಂಪು ಕೆಟ್ಟರೆ ಸರಿಪಡಿಸಬೇಕಾದವರು ಯಾರು? ಕೇಂದ್ರವು ರಾಜ್ಯದತ್ತ ಬೆರಳು ತೋರಿತು, ರಾಜ್ಯವು ಕೇಂದ್ರದತ್ತ.

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಕೀರ್ತಿ ದಕ್ಷಿಣ ಆಸ್ಟ್ರೇಲಿಯದ ವಾಯವ್ಯ ಮೂಲೆಯ ಜನರಿಗೆ ಸಲ್ಲಬೇಕು. ಅಲ್ಲಿಯ ಮೂಲನಿವಾಸಿಗಳದೇ ಆರೋಗ್ಯ ಸಂಸ್ಥೆಯಾದ ನಂಗನಂಪ ಹೆಲ್ತ್ ಕೌನ್ಸಿಲ್ಲಿನ ಮುಖ್ಯಸ್ಥ ಯಾಮಿ ಲೆಸ್ಟರ್. 1953ರಲ್ಲಿ ಬ್ರಿಟನ್ನು ಆ ಮರುಭೂಮಿಯಲ್ಲಿ ನಡೆಸಿದ ಅಣುಸ್ಫೋಟದ ತರುವಾಯ ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡವರು ಅವರು. ಜನ ಕಾಯಿಲೆ ಬೀಳುವುದನ್ನೇ ತಡೆಯಬೇಕು, ಬಿದ್ದ ಮೇಲೆ ಮದ್ದು ಕೊಡುವುದಷ್ಟೇ ಸಾಲದು ಎಂಬುದು ಅವರ ಅಪೇಕ್ಷೆ. ವೈದ್ಯ ಪಾಲ್ ಟೊರ್ಜಿಲ್ಲೊ, ವಾಸ್ತುಶಿಲ್ಪಿ ಪಾಲ್ ಫೋಲೆರೋಸ್, ಸ್ಟೀಫನ್ ರೈನೋ ಈ ಮೂವರು ಕೈಗೊಂಡ ಅಧ್ಯಯನದ ವರದಿ 1987ರಲ್ಲಿ ಹೊರಬಂದಿತು. ಆರೋಗ್ಯಕ್ಕೆ ಅಗತ್ಯವಾದ ಒಂಬತ್ತು ನಿತ್ಯಕರ್ಮಗಳನ್ನು ಅದು ಗುರುತಿಸಿತು. ಮೊದಲನೆಯದು ಸ್ನಾನ, ವಿಶೇಷತಃ ಎಳೆಯ ಮಕ್ಕಳ ಸ್ನಾನ.

ಮಗುವಿಗೆ ಮೀಯಿಸುವುದು ಎಷ್ಟು ಸಾಮಾನ್ಯ ಕಾರ್ಯ! ಆದರೆ ಅದಕ್ಕೆ ಬಾವಿಯಲ್ಲಿ ನೀರಿರಬೇಕು, ಪಂಪು ನಡೆಯಬೇಕು, ನೀರು ಕಾಯಬೇಕು, ನಲ್ಲಿ ತಿರುಗಬೇಕು, ಬಚ್ಚಲಿನ ಕೊಳೆನೀರು ಹೊರಗೆ ಹರಿದುಹೋಗಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸ್ನಾನ ನಿಂತಿತು. ಮರುಭೂಮಿಯ ಅಂತರ್ಜಲವಾದರೋ ಲವಣಭರಿತ. ಸುಣ್ಣದಂಥ ಪದರ ಕಟ್ಟಿ ನಲ್ಲಿಯನ್ನೂ ನೀರು ಕಾಯಿಸುವ ಯಂತ್ರವನ್ನೂ ಬೇಗನೆ ಕೆಡಿಸುತ್ತದೆ. ಸ್ನಾನ ನಿಂತಲ್ಲಿ ಕಣ್ಣಿಗೆ ಟ್ರಕೋಮ, ಚರ್ಮಕ್ಕೆ ಕಜ್ಜಿ. ಕಜ್ಜಿಯ ಹುಣ್ಣಿನ ಸೋಂಕಿನಿಂದ ಮುಂದೆ ಮೂತ್ರಪಿಂಡದ ವ್ಯಾಧಿ. ರೋಗದ ಮೂಲ ಹೀಗೆ ಕೊಳಾಯಿಯ ವಾಷರಿನಲ್ಲಿ ಅಡಗಿರಬಹುದು.

ಅಲ್ಲಿಂದ ಮುಂದೆ ಇವರು ದೇಶದಾದ್ಯಂತ ಸಾವಿರಾರು ಮನೆಗಳನ್ನು ಪರೀಕ್ಷಿಸಿದರು. ಸ್ಥಳೀಯರಿಗೇ ತರಬೇತು ಕೊಟ್ಟು, ಪರೀಕ್ಷಿಸಿದ ದಿನವೇ ದುರಸ್ತಿಗೂ ಕೈಹಚ್ಚುವುದು ಅವರ ನಿಯಮ. ಬರಿಯ ವರದಿ ಬರೆದು ಹೋಗುವಂತಿಲ್ಲ. (ಈ ನಿಯಮ ನಮ್ಮ ಸಮೀಕ್ಷಾ ಪಂಡಿತರಿಗೂ ಅನ್ವಯಿಸಿದರೆ ವರದಿಗಳ ಸಂಖ್ಯೆ ಎಷ್ಟು ಇಳಿದೀತು!) ಮೊದಲ ಪರೀಕ್ಷೆಯಲ್ಲಿ ಸುಮಾರು ಮೂರರಲ್ಲೊಂದು ಮನೆಯಲ್ಲಿ ಮಾತ್ರ ಸ್ನಾನದ ವ್ಯವಸ್ಥೆ ಸುಸ್ಥಿತಿಯಲ್ಲಿತ್ತು. "ಅವರಿಗೆ ಮನೆ ಕೊಟ್ಟರೆ ಹಾಳುಮಾಡುತ್ತಾರೆ" ಎಂಬ ಮಾತು ಆ ದೇಶದಲ್ಲಿ ಬಹುಕಾಲದಿಂದ ಪ್ರಚಲಿತ. ಲೆಕ್ಕ ಬೇರೆಯೇ ಹೇಳಿತು. ನಿವಾಸಿಗಳ ಕೈಯಿಂದ ಆದ ಹಾನಿ ನೂರಕ್ಕೆ 10ಕ್ಕೂ ಕಡಿಮೆ. ಮೊದಲಿನ ಕಟ್ಟೋಣವೇ ಕಳಪೆಯಾದದ್ದು ಸುಮಾರು 20. ಉಳಿದ ಸುಮಾರು 70 ಪಾಲು ನಿಯತವಾದ ದುರಸ್ತಿಯ ಅಭಾವ. ನ್ಯೂ ಸೌತ್ ವೇಲ್ಸಿನಲ್ಲಿ ಈ ಕ್ರಮದಿಂದ ದುರಸ್ತಿಯಾದ ಮನೆಗಳವರು ಸೋಂಕು ರೋಗಗಳಿಗಾಗಿ ಆಸ್ಪತ್ರೆ ಸೇರುವ ಪ್ರಮಾಣ, ದುರಸ್ತಿಯಾಗದ ಮನೆಗಳವರಿಗಿಂತ ನೂರಕ್ಕೆ 40ರಷ್ಟು ಕಡಿಮೆ ಎಂದು ಅಲ್ಲಿಯ ಆರೋಗ್ಯ ಇಲಾಖೆ 2010ರಲ್ಲಿ ಪ್ರಕಟಿಸಿತು.

ಇಷ್ಟು ಸ್ಪಷ್ಟವಾದ ಸಾಕ್ಷ್ಯವಿದ್ದೂ ಹಣದ ನಡೆ ಬದಲಾಗಲಿಲ್ಲ. ಹೊಸ ಮನೆಗೆ ಉದ್ಘಾಟನೆಯುಂಟು, ಛಾಯಾಚಿತ್ರವುಂಟು; ವಾಷರು ಬದಲಿಸಿದ್ದಕ್ಕೆ ಯಾವ ಮಂತ್ರಿಯೂ ಬರಲಾರ. ನಮ್ಮ ಹೌಸಿಂಗ್ ಸೊಸಾಯಿಟಿಗಳ ವಾರ್ಷಿಕ ಸಭೆಯಲ್ಲಿ ಕುಳಿತು ದುರಸ್ತಿ ನಿಧಿಯ ಚರ್ಚೆ ಕೇಳಿದ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. 2014ರಲ್ಲಿ ಕೇಂದ್ರ ಸರಕಾರವು ಪಶ್ಚಿಮ ಆಸ್ಟ್ರೇಲಿಯಕ್ಕೆ 9 ಕೋಟಿ ಡಾಲರುಗಳ ಇಡಿಗಂಟು ಕೊಟ್ಟು, ಅಲ್ಲಿಯ ದೂರದ ನೆಲೆಗಳ ನೀರು, ವಿದ್ಯುತ್ತಿನ ಹೊಣೆಯಿಂದ ಕೈ ತೊಳೆದುಕೊಂಡಿತು. ಕೂಡಲೇ ಆ ರಾಜ್ಯದ ಮುಖ್ಯಸ್ಥ ಕಾಲಿನ್ ಬಾರ್ನೆಟ್, 274 ನೆಲೆಗಳಲ್ಲಿ 150ರವರೆಗೆ ಮುಚ್ಚಬೇಕಾದೀತೆಂದರು. ಮರುವರ್ಷ ಪ್ರಧಾನಿ ಟೋನಿ ಅಬಟ್, ಅಂಥ ಕಡೆ ವಾಸಿಸುವುದು ಅವರವರ ಜೀವನಶೈಲಿಯ ಆಯ್ಕೆ, ಅದಕ್ಕೆ ತೆರಿಗೆಯ ಹಣ ತೆರುತ್ತಲೇ ಇರಲಾಗದೆಂಬ ಅರ್ಥದ ಮಾತಾಡಿದರು. ಪೂರ್ವಿಕರ ನೆಲದಲ್ಲಿ ಬಾಳುವುದನ್ನು ಹೀಗೆ ಕರೆಯುವುದು ನನಗೆ ಉಚಿತವೆನಿಸದು. ನಗರಗಳಲ್ಲಿ ಪ್ರತಿಭಟನೆಗಳೆದ್ದವು, ಸಾರಾಸಗಟಾಗಿ ಮುಚ್ಚುವ ಕಾರ್ಯ ನಡೆಯಲಿಲ್ಲ. ಆದರೆ ಭಯ ನಿರಾಧಾರವಾಗಿರಲಿಲ್ಲ: ಕಿಂಬರ್ಲಿಯ ಊಂಬುಲ್‌ಗರಿ ಎಂಬ ನೆಲೆ 2011ರಲ್ಲಿಯೇ ಮುಚ್ಚಿತ್ತು, 2014ರಲ್ಲಿ ಅದರ ಮನೆಗಳನ್ನು ಕೆಡವಲಾಯಿತು.

ನಿವಾಸಿಗಳು ಈಚೆಗೆ ನ್ಯಾಯಾಲಯದ ದಾರಿಯನ್ನೂ ಹಿಡಿದಿದ್ದಾರೆ. ಆಲಿಸ್ ಸ್ಪ್ರಿಂಗ್ಸಿನ ಸಮೀಪದ ಸಾಂತಾ ತೆರೇಸದ 70 ಮನೆಗಳವರು 2016ರಲ್ಲಿ, ಬಾಡಿಗೆ ಪಡೆದೂ ದುರಸ್ತಿ ಮಾಡದ ಉತ್ತರ ಪ್ರಾಂತದ ಸರಕಾರದ ಮೇಲೆ ದಾವೆ ಹೂಡಿದರು. ಅವರಲ್ಲೊಬ್ಬ ಮಹಿಳೆಯ ಮನೆಗೆ 68 ತಿಂಗಳು ಹಿತ್ತಿಲ ಬಾಗಿಲೇ ಇರಲಿಲ್ಲ. ಆ ಬಾಗಿಲಿಲ್ಲದ ಮನೆಯಲ್ಲಿ ಅನುಭವಿಸಿದ ಮನಃಕ್ಲೇಶಕ್ಕೂ ಪರಿಹಾರ ಸಲ್ಲತಕ್ಕದ್ದೆಂದು ದೇಶದ ಅತ್ಯುಚ್ಚ ನ್ಯಾಯಾಲಯ 2023ರ ನವೆಂಬರಿನಲ್ಲಿ ತೀರ್ಪಿತ್ತಿತು. ಮೊತ್ತ 10,200 ಡಾಲರು.