ನೀಲಿ ಗುಳಿಗೆಯ ವಾರದ ಲೆಕ್ಕ

"ಇಷ್ಟು ವಾರ ತಗೊ, ಆಮೇಲೆ ಬಿಡು, ಜೊತೆಗೆ ಲಿವರ್‌ಗೆ ಒಂದು ಗುಳಿಗೆ ನುಂಗು." ಸ್ಟೆರಾಯ್ಡ್ ವಿಷಯದಲ್ಲಿ ಪಂಚಾಂಗ ನೋಡಿದ ಹಾಗೆ ಹೇಳುವವರು ಜಿಮ್‌ಗಳಲ್ಲಿ ಇದ್ದಾರೆ. ಇಂಥದ್ದೇ ಲೆಕ್ಕವನ್ನು ಹಿಂದೆ ಒಂದು ಸರ್ಕಾರ ಹಾಕಿತ್ತು. ಅದು ಪೂರ್ವ ಜರ್ಮನಿ.

ಅಲ್ಲಿನ ಯೇನಾ ಊರಿನ ಯೇನಾಫಾರ್ಮ್ ಕಾರ್ಖಾನೆ 'ಓರಲ್ ಟುರಿನಾಬೋಲ್' ಎಂಬ ಗುಳಿಗೆ ಮಾಡುತ್ತಿತ್ತು. ಬಣ್ಣ ನೀಲಿ. 1974ರಲ್ಲಿ ಆಳುವ ಪಕ್ಷವೇ '14.25' ಎಂಬ ಗುಟ್ಟಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಸಾವಿರಾರು ಕ್ರೀಡಾಪಟುಗಳಿಗೆ ಔಷಧ ಹೋಯಿತು. ಎಷ್ಟೋ ಹುಡುಗಿಯರಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ವಿಟಮಿನ್ ಅಂತ ಹೇಳಿ ಕೊಟ್ಟರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಈಜಿನ 13 ಚಿನ್ನದಲ್ಲಿ 11 ಅವರ ಪಾಲಾಯಿತು.

ಸ್ಟೆರಾಯ್ಡ್ ಪರೀಕ್ಷೆ ಒಲಿಂಪಿಕ್ಸ್‌ಗೆ ಬಂದದ್ದೂ ಅದೇ ವರ್ಷ. ಮರುವರ್ಷ ಅವರ ಗುಂಡು ಎಸೆತಗಾರ್ತಿ ಇಲೋನಾ ಸ್ಲುಪಿಯಾನೆಕ್ ಸಿಕ್ಕಿಬಿದ್ದರು. ಆಗ ಲೆಕ್ಕ ಬಿಗಿಯಾಯಿತು. ಪಂದ್ಯಕ್ಕೆ ಕೆಲವು ವಾರ ಮೊದಲೇ ಗುಳಿಗೆ ನಿಲ್ಲಬೇಕು. ವಿಮಾನ ಹತ್ತುವ ಮುಂಚೆ ಕ್ರೈಶಾದ ಲ್ಯಾಬ್‌ನಲ್ಲಿ ಮೂತ್ರ ಪರೀಕ್ಷೆ ಆಗಬೇಕು. ಇನ್ನೂ ಔಷಧ ಕಂಡರೆ ಮನೆಯಲ್ಲೇ ಇರಿ. ಆ ಬಿಡುವು ಇದ್ದದ್ದು ಪರೀಕ್ಷೆಯ ಬಾಟಲಿಗೋಸ್ಕರ, ಲಿವರ್‌ಗೋಸ್ಕರ ಅಲ್ಲ.

ಲಿವರ್ ಕಥೆ ಬೇರೆ. ನುಂಗಿದ್ದೆಲ್ಲ ಹೊಟ್ಟೆಯಿಂದ ಮೊದಲು ಹೋಗುವುದು ಅಲ್ಲಿಗೇ. ಸಾದಾ ಟೆಸ್ಟೋಸ್ಟೆರಾನ್ ನುಂಗಿದರೆ ಲಿವರ್ ಅದರಲ್ಲಿ ಹೆಚ್ಚಿನದನ್ನು ಒಡೆದು ಹಾಕುತ್ತದೆ. ಅದಕ್ಕೇ ರಸಾಯನ ತಜ್ಞರು ಅಣುವಿಗೆ ಒಂದು ಮೀಥೈಲ್ ಕೊಂಡಿ ಸೇರಿಸಿದರು, ಲಿವರ್‌ಗೆ ಸುಲಭವಾಗಿ ಒಡೆಯಲು ಆಗದ ಹಾಗೆ. ಗುಳಿಗೆ ಕೆಲಸ ಮಾಡುವುದೂ ಅದರಿಂದ, ಲಿವರ್ ಕೆಡುವುದೂ ಅದರಿಂದ. ಕಾಮಾಲೆ, ಲಿವರ್‌ನಲ್ಲಿ ರಕ್ತ ತುಂಬಿದ ಗುಳ್ಳೆ, ಗಡ್ಡೆ, ಎಲ್ಲವೂ ವೈದ್ಯರು ಕಂಡದ್ದೇ.

ಇನ್ನು ಲಿವರ್ ಕಾಯುವ ಗುಳಿಗೆ. ಜಿಮ್‌ನವರು ಹೆಚ್ಚಾಗಿ ಹೇಳುವ ಸಿಲಿಮರಿನ್, ಯುರೋಪಿನ ಒಂದು ಮುಳ್ಳುಗಿಡದ ಬೀಜದ ಸಾರ. 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯಲ್ಲಿ ಅದನ್ನು ಬೇರ್ಪಡಿಸಿದರು. ವಿಷದ ಅಣಬೆ ತಿಂದವರಿಗೆ ಅದರ ಒಂದು ಅಂಶವನ್ನು ವೈದ್ಯರು ಕೊಡುತ್ತಾರೆ, ನಿಜ. ಆದರೆ ಸ್ಟೆರಾಯ್ಡ್ ನುಂಗುವವರ ಲಿವರ್ ಅದರಿಂದ ಉಳಿಯುತ್ತದೆ ಎಂಬುದು ಸಾಬೀತಾಗಿಲ್ಲ. ಕಣ್ಣು ಹಳದಿಯಾಗಿ ಮೂತ್ರ ಕಪ್ಪಗಾದರೆ ಅಂಗಡಿಗಲ್ಲ, ಆಸ್ಪತ್ರೆಗೆ ಓಡಬೇಕು. ಏನು ನುಂಗಿದ್ದೆ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು.

ಪೂರ್ವ ಜರ್ಮನಿಯಲ್ಲಿ ವೈದ್ಯರಿದ್ದರು, ಲ್ಯಾಬ್ ಇತ್ತು, ಬೇಕಾದಷ್ಟು ದುಡ್ಡಿತ್ತು. ಆದರೂ ಲಿವರ್ ಹಾನಿ ಅವರದೇ ಕಡತಗಳಲ್ಲಿ ದಾಖಲಾಗಿದೆ. ಗೋಡೆ ಬಿದ್ದ ಮೇಲೆ ಆ ಕಾಗದಗಳನ್ನು ಹುಡುಕಿ ಹೊರಗೆ ತಂದವರು ಜೀವವಿಜ್ಞಾನಿ ವೆರ್ನರ್ ಫ್ರಾಂಕೆ ಮತ್ತು ಅವರ ಹೆಂಡತಿ, ಹಿಂದೆ ಡಿಸ್ಕಸ್ ಎಸೆಯುತ್ತಿದ್ದ ಬ್ರಿಗಿಟೆ ಬೆರೆಂಡೊಂಕ್. 2000ದಲ್ಲಿ ಬರ್ಲಿನ್ ನ್ಯಾಯಾಲಯ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೆ 22 ತಿಂಗಳು, ವೈದ್ಯ ಮಾನ್‌ಫ್ರೆಡ್ ಹೋಪ್ನರ್‌ಗೆ 18 ತಿಂಗಳು ಶಿಕ್ಷೆ ಹೇಳಿತು. ಎರಡೂ ಅಮಾನತಿನಲ್ಲಿಟ್ಟ ಶಿಕ್ಷೆ. ಇಬ್ಬರೂ ಜೈಲಿಗೆ ಹೋಗಲಿಲ್ಲ.